ಗುಣಿಸಿದ್ರೆ ಸಾರಾಗಲ್ಲ

ತಂಗಿಯ ಬೀಗರೂಟ. ಹೊಸಕೋಟೆ ಪಕ್ಕದ ನಮ್ಮೂರಲ್ಲಿ ಮನೆ ಮುಂದೆ ಶಾಮಿಯಾನ, 300 ಜನ. ಹಿಂದಿನ ಸಂಜೆ ಅಡುಗೆಯವರ ಫೋನ್ ಬಂತು: ಜ್ವರ, ಬರೋಕಾಗಲ್ಲ. ಅಪ್ಪನ ಮುಖ ಸಪ್ಪಗಾಯ್ತು. ಬೀಗರ ಎಲೆಗೆ ನೀರು ಸಾರು ಬಿದ್ದರೆ ಹತ್ತು ವರ್ಷ ಆಡ್ಕೊಳ್ತಾರೆ, ನಿಮಗೂ ಗೊತ್ತಲ್ಲ.

'ನಾವೇ ಮಾಡೋಣ ಬಿಡಣ್ಣ' ಅಂದರು ಚಿಕ್ಕಪ್ಪ. ನಾನು ಲ್ಯಾಪ್‌ಟಾಪ್ ತೆಗೆದು, ಅಮ್ಮನ ಒಂದು ಕೆ.ಜಿ. ಮಟನ್ ಸಾರಿನ ಲೆಕ್ಕವನ್ನ ಎಕ್ಸೆಲ್‌ಗೆ ಹಾಕಿ 50ರಿಂದ ಗುಣಿಸಿದೆ. ಚಿಕ್ಕಪ್ಪ ನೋಡಿ ನಕ್ಕರು.

'ಬಾಡು, ಈರುಳ್ಳಿ ಸರಿಯಾಗೈತೆ ಕಣಪ್ಪ. ನೀರು ಮಾತ್ರ ಮೂರರಲ್ಲಿ ಎರಡು ಪಾಲು ಹಾಕು. ಕಮ್ಮಿಯಾದ್ರೆ ಬಿಸಿನೀರು ಸುರೀಬೋದು. ಜಾಸ್ತಿಯಾದ್ರೆ ಏನ್ ಮಾಡ್ತೀಯ?'

ಬೆಳಗಿನ ಜಾವ 3ಕ್ಕೆ ಸೌದೆ ಒಲೆ ಮುಂದೆ ಕೂತಾಗ ಅರ್ಥ ಆಯ್ತು. ಪಾತ್ರೆ ದೊಡ್ಡದಾದಷ್ಟೂ ಒಳಗೆ ಹಿಡಿಯೋ ಸಾರು ಹೆಚ್ಚುತ್ತೆ. ಆದರೆ ಆವಿ ಹೋಗೋ ಬಾಯಿ ಅದೇ ಲೆಕ್ಕದಲ್ಲಿ ಅಗಲ ಆಗಲ್ಲ. ಹಾಗಾಗಿ ಮನೆ ಕುಕ್ಕರ್ ಪಕ್ಕದ ಪಾತ್ರೆಯಲ್ಲಿ ಇಂಗಿದಷ್ಟು ನೀರು ಇಲ್ಲಿ ಇಂಗಲ್ಲ. ಬೆಂಕಿ ಎಳೆದ ಮೇಲೂ ಅಷ್ಟು ಬಿಸಿ ಬೇಗ ಇಳಿಯಲ್ಲ, ಬಾಡು ಬೇಯ್ತಾನೇ ಇರುತ್ತೆ. ಅದಕ್ಕೇ ಚಿಕ್ಕಪ್ಪ ಸ್ವಲ್ಪ ಗಟ್ಟಿ ಇರುವಾಗಲೇ ಸೌದೆ ಎಳೆದರು.

ಬಿರಿಯಾನಿ ಇನ್ನೂ ಕಷ್ಟ. ಒಂದೇ ಪಾತ್ರೆಗೆ ಎಲ್ಲ ಸುರಿದರೆ ಮೇಲಿನ ಭಾರಕ್ಕೆ ತಳದ ಅನ್ನ ಮುದ್ದೆ. ನಾಲ್ಕು ಡೇಕ್ಸಾ ತರಿಸಿ, ಅರ್ಧ ಗಂಟೆಗೊಂದರಂತೆ ದಮ್ ಕಟ್ಟಿದೆವು. ಭಾನುವಾರ ನಸುಕಲ್ಲಿ ನೀವು ಬೆಂಗಳೂರಿಂದ ಬಂದು ಕ್ಯೂ ನಿಲ್ತೀರಲ್ಲ, ಆ ಹೊಸಕೋಟೆ ದಮ್ ಬಿರಿಯಾನಿಯಲ್ಲೂ ಒಂದು ಖಾಲಿಯಾದ ಮೇಲೆ ಇನ್ನೊಂದರ ಮುಚ್ಚಳ ತೆಗೀತಾರೆ. ಅಮೆರಿಕದ ರಾಕ್‌ಲ್ಯಾಂಡ್‌ನಲ್ಲಿ ನಡೆಯೋ ಲಾಬ್‌ಸ್ಟರ್ ಹಬ್ಬದಲ್ಲೂ ಸಾವಿರಾರು ಜನಕ್ಕೆ ಬೇಯಿಸೋದು ಕಂತು ಕಂತಲ್ಲೇ. ಕೊನೇ ಪಂಕ್ತಿಗೂ ಬಿಸಿ ಸಿಗಬೇಕು, ಅಷ್ಟೇ.

ಉಪ್ಪು? ನನ್ನ ಲೆಕ್ಕದ ಮುಕ್ಕಾಲು ಪಾಲು ಹಾಕಿ ಅಮ್ಮನ್ನ ಕರೆದರು. ಅಮ್ಮ ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೆಕ್ಕಿ, 'ಇನ್ನೊಂದು ಹಿಡಿ' ಅಂದಳು.

ಮಧ್ಯಾಹ್ನ ಮೂರನೇ ಪಂಕ್ತಿಯಲ್ಲಿ ಬೀಗರ ಕಡೆ ಹಿರಿಯರೊಬ್ಬರು ಮುದ್ದೆಗೆ ಗುಳಿ ಮಾಡಿ, 'ಸಾರು ಬಿಡಿ' ಅಂತ ಎರಡನೇ ಸಲ ಕೇಳಿದರು. ಅಪ್ಪ ಬಡಿಸೋ ಹುಡುಗನ ಕೈಯಿಂದ ಬಕೆಟ್ ಇಸ್ಕೊಂಡು ತಾವೇ ಬಡಿಸಿದರು.

ಆ ಎಕ್ಸೆಲ್ ಇನ್ನೂ ಇದೆ. ನೀರು, ಉಪ್ಪಿನ ಮುಂದಿದ್ದ ಅಂಕಿ ಅಳಿಸಿ 'ಚಿಕ್ಕಪ್ಪನ್ನ ಕೇಳು, ಅಮ್ಮನ್ನ ಕರಿ' ಅಂತ ಬರೆದಿದ್ದೀನಿ.