ರೊಟ್ಟಿ ಬಡಿಯೋ ಕೈ, ಚಿತ್ರ ಬಿಡಿಸೋ ಕೈ

ನಮ್ಮ ಜೋರಾಪುರ ಪೇಟೆಯಲ್ಲಿ ಮದುವೆ ಎಂದರೆ ರಾಶಿ ರಾಶಿ ಜೋಳದ ರೊಟ್ಟಿ ಬೇಕು. ಎಷ್ಟೇ ಜಾಣೆಯಾದರೂ ಒಬ್ಬಾಕೆಯಿಂದ ಆಗುವ ಕೆಲಸವಲ್ಲ. ಹಿಟ್ಟನ್ನು ಓಣಿಯ ಮನೆಮನೆಗೆ ಹಂಚಿದರೆ ಸಂಜೆಯೊಳಗೆ ಬುಟ್ಟಿಗಳು ತುಂಬುತ್ತವೆ.

ಮಕ್ಕಳೇ, ಕಂಪ್ಯೂಟರಿನೊಳಗೂ ಹೀಗೇ. ಸಿಪಿಯು ಯಾವ ಕೆಲಸಕ್ಕೂ ಸೈ ಎನ್ನುವ ಜಾಣೆ, ಆದರೆ ಕೈಗಳು ಕಡಿಮೆ. ಚಿತ್ರ ಬಿಡಿಸುವ ಚಿಪ್ ಜಿಪಿಯು ಮಾತ್ರ ಇಡೀ ಓಣಿ ಇದ್ದಂತೆ. ಒಂದೇ ಬಗೆಯ ಲೆಕ್ಕವನ್ನು ಬಹಳ ಕೈಗಳು ಒಟ್ಟಿಗೆ ಮಾಡುತ್ತವೆ. 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರದ ಪರದೆಯಲ್ಲಿ 20,73,600 ಚುಕ್ಕೆಗಳು. ಚಿತ್ರ ನಯವಾಗಿ ಓಡಬೇಕಾದರೆ ಅವನ್ನೆಲ್ಲ ಸೆಕೆಂಡಿಗೆ 60 ಸಲ ಬಿಡಿಸಬೇಕು. ಗುಣಿಸಿ ನೋಡಿರಿ, ಹನ್ನೆರಡು ಕೋಟಿ ದಾಟುತ್ತದೆ!

ನನ್ನ ಮೊಮ್ಮಗ ಕಂಪ್ಯೂಟರಿನಲ್ಲಿ ಗೋಳಗುಮ್ಮಟ ಕಟ್ಟಿದ್ದ. ಏಳಂತಸ್ತಿನ ನಾಲ್ಕು ಮಿನಾರು, ನಡುವೆ ಗುಮ್ಮಟ, ಎಲ್ಲ ಚೆಂದ. ತಿರುಗಿಸಲು ಹೋದರೆ ಮಾತ್ರ ಕೆಸರಲ್ಲಿ ಸಿಕ್ಕ ಚಕ್ಕಡಿ.

"ಮುತ್ಯಾ, ಇದು ಹಳೇದಾಗೇತಿ, ಹೊಸಾದ ತಗೋರಿ ಅಂತ ಅಂಗಡ್ಯಾಗ ಹೇಳಿದ್ರು" ಎಂದ.

ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮಾತೇ? "ತಡಿ ತಮ್ಮಾ, ಮೊದಲ ಆ ಕಂಪ್ಯೂಟರನ್ನ ಕೇಳೂಣು" ಎಂದೆ.

ನಾವು ಕೇಳುವ ಮೊದಲೇ ಚಿತ್ರದ ಸಾಫ್ಟ್‌ವೇರ್ ಕೇಳಿರುತ್ತದೆ. ಜಿಪಿಯು ಇದೆಯೇ? ಅದರೊಡನೆ ಮಾತಾಡುವ ಡ್ರೈವರ್ ಎಂಬ ಸಾಫ್ಟ್‌ವೇರ್ ಇದೆಯೇ? ಅದು ನಂಬಿಗಸ್ತವೇ? ಒಂದಕ್ಕೆ 'ಇಲ್ಲ' ಎಂದು ಬಂದರೂ ಎಷ್ಟೋ ಸಲ ಸದ್ದಿಲ್ಲದೆ ಎಲ್ಲ ಕೆಲಸವನ್ನೂ ಸಿಪಿಯು ತಲೆಗೆ ಕಟ್ಟುತ್ತದೆ. ಚಿತ್ರ ಬರುತ್ತದೆ, ಕುಂಟುತ್ತ. ನನಗೆ ಸಿಟ್ಟು ಬರುವುದು ಇಲ್ಲೇ. ಒಂದು ಮಾತು ಹೇಳಬಾರದೇ?

ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ಒತ್ತಿದೆವು. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿತ್ತು. ಚಿಪ್‌ನ ಸ್ವಂತ ಡ್ರೈವರ್ ಇಲ್ಲದಾಗ ಕಾಣುವ ಹೆಸರದು. ಓಣಿ ತುಂಬ ಮಂದಿ ಇದ್ದಾರೆ, ಕರೆಯಲು ಹೋದವರೇ ಇಲ್ಲ! ಚಿಪ್ ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಂಡೆವು (ಕಂಡಕಂಡಲ್ಲಿಂದ ಬೇಡ, ವೈರಸ್ ಬಂದೀತು). ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ ಗುಮ್ಮಟ ಬುಗುರಿಯಂತೆ ತಿರುಗಿತು. ಖರ್ಚು ಸೊನ್ನೆ.

ಕ್ರೋಮ್ ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ, ಸಿಸ್ಟಮ್ ಎಂಬಲ್ಲಿ, ಗ್ರಾಫಿಕ್ಸ್ ಆಕ್ಸಲರೇಷನ್ ಆನ್ ಇದೆಯೇ ಎಂದೂ ನೋಡಿರಿ.

ತೀರ ಹಳೆಯ ಚಿಪ್ಪನ್ನು ಹೊಸ ಸಾಫ್ಟ್‌ವೇರ್ ಒಪ್ಪದಿರಬಹುದು. ಆಗ ಪರದೆಯನ್ನು 1280 ಅಗಲ, 720 ಎತ್ತರಕ್ಕೆ ಇಳಿಸಿರಿ. ಚುಕ್ಕೆಗಳು 9,21,600ಕ್ಕೆ ಇಳಿಯುತ್ತವೆ, ಅಂದರೆ ಅರ್ಧಕ್ಕಿಂತ ಕಡಿಮೆ. ಗುಮ್ಮಟ ತುಸು ಒರಟಾಗಿ ಕಂಡರೂ ಮೊದಲಿಗಿಂತ ಹಗುರಾಗಿ ತಿರುಗುತ್ತದೆ.