ಸೈಕಲ್ಲು ಮತ್ತು ನಡುವಿನ ನಾಡು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಕೋಶವನ್ನು ಓದಿಸುವ ಏರ್ಪಾಡು ಶಾಲೆಗಳಲ್ಲಿ ತಕ್ಕಮಟ್ಟಿಗೆ ನಡೆದಿದೆ. ದೇಶದ ವಿಷಯದಲ್ಲಿ ಮಾತ್ರ ಆ ಮಾತಿನ ಅರ್ಥವೇ ಸವೆದುಹೋಗಿದೆ. ಹಿರಿಯರು ಸುತ್ತಬೇಕು ಎಂದರೇ ಹೊರತು ದಾಟಬೇಕು ಎನ್ನಲಿಲ್ಲ. ಈ ಕಾಲದ ಪ್ರವಾಸವಾದರೋ ಬಹುಮಟ್ಟಿಗೆ ದಾಟುವಿಕೆಯಾಗಿದೆ.

ಪುಣೆಯಲ್ಲಿ ನೆಲೆಸಿದ ಕನ್ನಡ ಮನೆತನಗಳ ಮಕ್ಕಳನ್ನೇ ನೋಡೋಣ. ಬೇಸಗೆಯ ರಜೆ ಬಂದೊಡನೆ ಅವರು ತಂದೆತಾಯಿಗಳೊಡನೆ ರಾತ್ರಿಯ ಬಸ್ಸನ್ನೇರುವರು. ಕಣ್ಣು ತೆರೆಯುವಾಗ ವಿಜಯಪುರವೋ ಕಲಬುರಗಿಯೋ ಧಾರವಾಡವೋ ಬಂದಿರುತ್ತದೆ. ಅಜ್ಜನ ಊರು ಒಂದು ತುದಿ, ಪುಣೆ ಇನ್ನೊಂದು ತುದಿ. ನಡುವೆ ಇರುವುದು ಅವರ ಪಾಲಿಗೆ ನಿದ್ರೆ. ಎರಡು ತುದಿಗಳನ್ನು ಬಲ್ಲ ಹುಡುಗನು ಎರಡು ಊರುಗಳನ್ನು ಬಲ್ಲನೇ ಹೊರತು ನಾಡನ್ನು ಬಲ್ಲನೆಂದು ಹೇಳಲಾಗದು. ಇತ್ತ ಮರಾಠಿ, ಅತ್ತ ಕನ್ನಡ, ನಡುವೆ ಒಂದು ಗೆರೆ ಎಂಬ ಭಾವನೆ ಅವನಲ್ಲಿ ಬೇರೂರುತ್ತದೆ. ಈ ಅರೆತಿಳಿವಿಗೆ ಒಳ್ಳೆಯ ಮದ್ದೆಂದರೆ ಸೈಕಲ್ಲಿನ ಪ್ರವಾಸ ಎಂಬುದು ನಮ್ಮ ಅಭಿಪ್ರಾಯ.

ಒಂದು ಕಾಲಕ್ಕೆ ಪುಣೆಗೆ ಸೈಕಲ್ಲುಗಳ ಊರೆಂದೇ ಹೆಸರಿತ್ತು. ಇಂದು ಅದು ಬಡವರ ವಾಹನವೆಂದು ಮೂಗು ಮುರಿಯುವವರುಂಟು. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಪಾರಸಿ ತರುಣರ ತಂಡವೊಂದು ಸೈಕಲ್ಲುಗಳ ಮೇಲೆ ಜಗತ್ತನ್ನು ಸುತ್ತಲು ಹೊರಟಿತು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗರಾ ಎಂಬ ಮೂವರು ಆ ಕಾರ್ಯವನ್ನು ಮುಗಿಸಿ 1928ರಲ್ಲಿ ಮರಳಿದರು. ಸೈಕಲ್ಲಿನಿಂದ ಅವರು ಸಣ್ಣವರಾಗಲಿಲ್ಲ.

ಅಷ್ಟು ದೂರ ಹೋಗುವುದು ನಮಗೆ ಬೇಡ. ನಮ್ಮ ಬಾಗಿಲಲ್ಲೇ ಸಹ್ಯಾದ್ರಿಯಿದೆ, ಅದರಾಚೆ ಕೊಂಕಣವಿದೆ. ವಾಯಿಯಿಂದ ಪಸರಣಿ ಘಟ್ಟವನ್ನೇರಿ ಪಂಚಗಣಿಯ ಮೂಲಕ ಮಹಾಬಳೇಶ್ವರಕ್ಕೆ ಹೋದರೆ ಸುಮಾರು 30 ಕಿಲೋಮೀಟರುಗಳ ದಾರಿ. ಬಸ್ಸಿನಲ್ಲಿ ಕುಳಿತವನಿಗೆ ಅದು ಒಂದು ಗಂಟೆಯ ಮಾತು. ಸೈಕಲ್ಲು ತುಳಿಯುವವನಿಗೆ, ತುಳಿಯಲಾರದೆ ಇಳಿದು ತಳ್ಳುವವನಿಗೆ, ಅದೊಂದು ಇಡೀ ದಿನದ ಪಾಠ. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಮಹಾಬಳೇಶ್ವರದಲ್ಲಿ 5000ಕ್ಕೂ ಮಿಕ್ಕಿ ಸುರಿಯುತ್ತದೆ. ಈ ಅಂಕೆಗಳು ಪಾಠದ ಹೊತ್ತಿಗೆಯಲ್ಲಿಯೂ ಇವೆ. ಆದರೆ ಜೋಳದ ಬಯಲು ಹಿಂದೆ ಸರಿದು, ಗಾಳಿ ತಣ್ಣಗಾಗಿ, ಮರಗಳ ಕಾಂಡದ ಮೇಲೆ ಪಾಚಿ ಕಾಣಿಸಿಕೊಳ್ಳುವುದನ್ನು ಒಂದೊಂದು ತಿರುವಿನಲ್ಲಿ ಕಂಡ ಹುಡುಗನಿಗೆ ಅವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮಹಾಬಳೇಶ್ವರದ ನೆತ್ತಿಯ ಮೇಲೆ ಇನ್ನೊಂದು ಸೋಜಿಗವಿದೆ. ಕೃಷ್ಣೆ ಹುಟ್ಟುವುದು ಅಲ್ಲಿ. ಸಾವಿತ್ರಿ ಹುಟ್ಟುವುದೂ ಅಲ್ಲಿಯೇ. ಕೃಷ್ಣೆ ಮೂಡಣಕ್ಕೆ ತಿರುಗಿ, ವಾಯಿಯ ಘಾಟುಗಳನ್ನು ತೊಳೆದು, ಆಲಮಟ್ಟಿಯಲ್ಲಿ ನಮ್ಮ ಹೊಲಗಳಿಗೆ ನೀರಾಗಿ, ಬಂಗಾಲದ ಕೊಲ್ಲಿಯನ್ನು ಸೇರುತ್ತಾಳೆ. ಸಾವಿತ್ರಿ ಪಡುವಣಕ್ಕೆ ಧುಮುಕಿ, ನೂರು ಕಿಲೋಮೀಟರಿಗಿಂತ ತುಸುವೇ ಹೆಚ್ಚು ಹರಿದು, ಬಾಣಕೋಟದ ಬಳಿ ಅರಬ್ಬೀ ಸಮುದ್ರದಲ್ಲಿ ಲೀನವಾಗುತ್ತಾಳೆ. ಅಂಬೇನಳಿ ಘಟ್ಟವನ್ನಿಳಿದು, ಪೋಲಾದಪುರ, ಮಹಾಡಗಳ ಮೇಲೆ ಹಾಯ್ದು ಬಾಣಕೋಟ ಮುಟ್ಟುವವನು ಒಂದು ನದಿಯ ಹುಟ್ಟನ್ನೂ ಕೊನೆಯನ್ನೂ ಮೂರೇ ದಿನಗಳಲ್ಲಿ ಕಾಣಬಲ್ಲನು. ದಾರಿಯಲ್ಲಿ ಸಿಗುವ ಮಹಾಡ ಸಾಮಾನ್ಯ ಊರಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡಕರರು ಸಾವಿರಾರು ಜನರೊಡನೆ ನಡೆದು ಚವದಾರ ಕೆರೆಯ ನೀರನ್ನು ಕುಡಿದದ್ದು ಅಲ್ಲಿ. ಘಟ್ಟದಿಂದ ಹರಿದು ಬರುವ ಹೇರಳ ನೀರನ್ನು ಎರಡು ದಿನ ನೋಡುತ್ತ ಬಂದು, ಒಂದು ಕೆರೆಯ ಬೊಗಸೆ ನೀರಿಗೆ ಮನುಷ್ಯರು ಹೋರಾಡಬೇಕಾಯಿತೆಂಬುದನ್ನು ಅದರ ದಂಡೆಯಲ್ಲೇ ನಿಂತು ಕೇಳುವ ವಿದ್ಯಾರ್ಥಿಯು ಆ ಪಾಠವನ್ನು ಮರೆಯಲಾರನು.

ಬಾಣಕೋಟದ ಖಾಡಿಯಿಂದ ತೆಂಕಣಕ್ಕೆ ಹೊರಟರೆ ಕರಾವಳಿ ತನ್ನ ಗುಣವನ್ನು ತೋರುತ್ತದೆ. ಪ್ರತಿಯೊಂದು ನದಿಯೂ ಒಂದು ಖಾಡಿ. ಪ್ರತಿ ಖಾಡಿಗೂ ಒಂದು ಇಳಿಜಾರು, ಒಂದು ಏರು. ದಾಭೋಳದಲ್ಲಿ ವಾಶಿಷ್ಠಿಯನ್ನೂ ಜಯಗಡದಲ್ಲಿ ಶಾಸ್ತ್ರಿಯನ್ನೂ ಯಂತ್ರದ ದೋಣಿಯಲ್ಲಿ ದಾಟಬೇಕು. ಮುಂದೆ ರತ್ನಾಗಿರಿ, ಮಾಲವಣ, ವೆಂಗುರ್ಲೆ, ಗೋವೆ. ಆಮೇಲೆ ನಮ್ಮ ಕಾರವಾರ. ಈ ದಾರಿಯಲ್ಲಿ ಭಾಷೆಯ ಗೆರೆ ಎಲ್ಲಿದೆಯೆಂದು ಹುಡುಕಿದರೆ ಅದು ಸಿಗುವುದಿಲ್ಲ. ಮರಾಠಿ ಮೆಲ್ಲಮೆಲ್ಲನೆ ಮಾಲವಣಿಯಾಗಿ, ಮಾಲವಣಿ ಕೊಂಕಣಿಯಾಗಿ, ಕೊಂಕಣಿಯ ನಡುವೆ ಕನ್ನಡ ತಲೆದೋರುತ್ತದೆ. ರತ್ನಾಗಿರಿಯವರು ಜಾಂಭಾ ಎನ್ನುವ ಕೆಂಪು ಕಲ್ಲೇ ನಮ್ಮ ಜಂಬಿಟ್ಟಿಗೆ. ಅವರ ಕೋಕಂ ಉತ್ತರ ಕನ್ನಡದಲ್ಲಿ ಮುರುಗಲು, ಇನ್ನೂ ಕೆಳಗೆ ಪುನರ್ಪುಳಿ. ಅವರ ಹಾಪೂಸ ನಮ್ಮ ಆಪೂಸು. ಹೆಸರು ಬದಲಾದರೂ ಹುಳಿ ಅದೇ, ಸಿಹಿ ಅದೇ.

ಇಲ್ಲಿ ಮುಖ್ಯವಾದ ಒಂದು ಮಾತನ್ನು ಗಮನಿಸಬೇಕು. ನಕಾಶೆಯಲ್ಲಿ ರಾಜ್ಯದ ಗಡಿ ನಾಡನ್ನು ಅಡ್ಡಕ್ಕೆ ಕೊಯ್ದಿದೆ. ಸಹ್ಯಾದ್ರಿಯಾದರೋ ಉದ್ದಕ್ಕೆ ಕೊಯ್ದಿದೆ. ಕಾಲುಗಳಿಗೆ ತಿಳಿಯುವುದು ಈ ಎರಡನೆಯ ಗೆರೆ. ಘಟ್ಟದ ಮೇಲೆ ಜೋಳ. ಪುಣೆಯ ಭಾಕರಿಯಾಗಲಿ ವಿಜಯಪುರದ ರೊಟ್ಟಿಯಾಗಲಿ ಅದರದೇ. ಘಟ್ಟದ ಕೆಳಗೆ ಅನ್ನ, ಮೀನು, ತೆಂಗು. ರತ್ನಾಗಿರಿಯೂ ಅಷ್ಟೇ, ಕಾರವಾರವೂ ಅಷ್ಟೇ. ಊಟ, ಮನೆಯ ಕಟ್ಟಡ, ಮಳೆಗೆ ಮಾಡಿಕೊಂಡ ಸಿದ್ಧತೆ ಇವುಗಳಲ್ಲಿ ಕಾರವಾರದ ರೈತನು ವಿಜಯಪುರದ ರೈತನಿಗಿಂತ ರತ್ನಾಗಿರಿಯ ರೈತನಿಗೆ ಹತ್ತಿರದವನು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಗೆರೆಗಳು ಹೀಗೆ ಸರಿದಾಡಿವೆ, ಬೆಟ್ಟ ಸರಿದಿಲ್ಲ. ಗಡಿಯ ಹೆಸರಿನಲ್ಲಿ ಕೂಗಾಡುವವರು ಎರಡು ತುದಿಗಳಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ. ಸಾತಾರೆಯಲ್ಲಿ ಹುಟ್ಟಿ, ಬಾಲ್ಯದ ಕೆಲಕಾಲವನ್ನು ಕಾರವಾರದಲ್ಲಿ ಕಳೆದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಕಾಕಾ ಕಾಲೇಲಕರರು ಮನೆಮಾತು ಮರಾಠಿಯಾಗಿದ್ದರೂ ಗುಜರಾತಿಯಲ್ಲಿ ನಾಡಿನ ನದಿಗಳನ್ನು ಕೊಂಡಾಡಿದರು. ನಡುವನ್ನು ಕಂಡವರ ಮನಸ್ಸು ಹೀಗೆ ಹಿಗ್ಗುತ್ತದೆ. ಅದರಿಂದ ಕನ್ನಡದ ಅಭಿಮಾನ ಕುಗ್ಗುವುದೆಂಬ ಭಯ ಬೇಡ. ನೆರೆಯನ್ನು ಬಲ್ಲವನೇ ತನ್ನ ಮನೆಯನ್ನು ಸರಿಯಾಗಿ ಬಲ್ಲನು.

ಇದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದು ಅಪಾಯ. ಇದು ಪೊಳ್ಳು ಆಕ್ಷೇಪವಲ್ಲ. 2016ರ ಆಗಸ್ಟಿನ ಒಂದು ಮಳೆಯ ರಾತ್ರಿ ಮಹಾಡದ ಬಳಿ ಸಾವಿತ್ರಿಯ ಹಳೆಯ ಸೇತುವೆಯೇ ವಾಹನಗಳ ಸಮೇತ ಕೊಚ್ಚಿಹೋಯಿತು. ಆದುದರಿಂದ ಮಳೆಗಾಲ ಸರ್ವಥಾ ಕೂಡದು. ಡಿಸೆಂಬರ್, ಜನವರಿಗಳೇ ತಕ್ಕ ಕಾಲ. ಹೆದ್ದಾರಿಯ ಭಾರಿ ಮೋಟಾರುಗಳ ನಡುವೆ ಮಕ್ಕಳನ್ನು ಬಿಡದೆ ವಾಯಿಯವರೆಗೆ ಸೈಕಲ್ಲುಗಳನ್ನು ಟೆಂಪೋದಲ್ಲಿ ಸಾಗಿಸಬೇಕು. ಮುಂದೊಬ್ಬರು, ಹಿಂದೊಬ್ಬರು ಶಿಕ್ಷಕರಿರಬೇಕು. ತಲೆಗೆ ಹೆಲ್ಮೆಟ್ಟು ಬೇಕು. ಹೊರಡುವ ಮುನ್ನ ಪ್ರತಿ ಬ್ರೇಕನ್ನೂ ಪರೀಕ್ಷಿಸಬೇಕು. ಘಟ್ಟವನ್ನೇರುವುದಕ್ಕೆ ಉಸಿರು ಸಾಕು. ಇಳಿಯುವುದಕ್ಕೆ ವಿವೇಕ ಬೇಕು. ಎರಡನೆಯ ಆಕ್ಷೇಪ ಹೆಣ್ಣುಮಕ್ಕಳ ಕುರಿತದ್ದು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಿಗೆ ಸಾಕ್ಷರತೆಯ ಆಂದೋಲನದೊಡನೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. ಅಕ್ಷರ ಮತ್ತು ಗಾಲಿ ಅವರಿಗೆ ಒಟ್ಟಿಗೆ ಬಂದವು. ನಮ್ಮ ಹುಡುಗಿಯರನ್ನು ಹಿಂದೆ ಬಿಟ್ಟು ಹೊರಡುವ ತಂಡ ನಮಗೆ ಬೇಡ.

ಕೊನೆಯದಾಗಿ ನಮ್ಮ ಸೂಚನೆ. ಪುಣೆಯಿಂದ ಕಾರವಾರದವರೆಗಿನ ದಾರಿ ಒಂದು ರಜೆಯಲ್ಲಿ ಮಕ್ಕಳಿಗೆ ಮುಗಿಯುವಂಥದಲ್ಲ, ಮುಗಿಸಬೇಕಾದುದೂ ಇಲ್ಲ. ಈ ವರ್ಷದ ಒಂಬತ್ತನೆಯ ತರಗತಿಯವರು ಐದು ದಿನಗಳಲ್ಲಿ ವಾಯಿಯಿಂದ ಬಾಣಕೋಟದವರೆಗೆ ಹೋಗಲಿ. ಬರುವ ವರ್ಷದವರು ಬಾಣಕೋಟದಿಂದಲೇ ಆರಂಭಿಸಲಿ. ಪ್ರತಿಯೊಂದು ತಂಡವೂ ತಾನು ಬರೆದ ನಕಾಶೆಯನ್ನೂ, ದಾರಿಯಲ್ಲಿ ಕೂಡಿಸಿದ ಪದಗಳ ಪುಸ್ತಕವನ್ನೂ ಮುಂದಿನವರ ಕೈಗೆ ಒಪ್ಪಿಸಲಿ: ಯಾವ ಊರಿನಲ್ಲಿ ಯಾವ ಹಣ್ಣಿಗೆ, ಯಾವ ಕಲ್ಲಿಗೆ, ಯಾವ ಗಾಳಿಗೆ ಏನೆನ್ನುತ್ತಾರೆ ಎಂದು. ಆ ಪದಗಳು ವರ್ಷವರ್ಷವೂ ಈ ವಾರ್ಷಿಕದ ಪುಟಗಳಲ್ಲಿ ಅಚ್ಚಾಗಲಿ. ಐದಾರು ವರ್ಷಗಳಲ್ಲಿ ಶಾಲೆ ಕಾರವಾರವನ್ನು ಮುಟ್ಟುತ್ತದೆ. ಮುಟ್ಟುವ ತಂಡದಲ್ಲಿ ಇಂದು ಮೂರನೆಯ, ನಾಲ್ಕನೆಯ ತರಗತಿಗಳಲ್ಲಿರುವ ಮಕ್ಕಳಿರುತ್ತಾರೆ. ಅವರು ಕಾಳೀನದಿಯ ಸೇತುವೆಯ ಮೇಲೆ ಕನ್ನಡದ ಫಲಕವನ್ನು ಓದುವಾಗ, ಅದು ಎಲ್ಲಿಂದ ಹೇಗೆ ಬಂದಿತೆಂಬುದನ್ನು ಬಲ್ಲವರಾಗಿ ಓದುವಂತಾಗಲಿ. ಪಾಲಕರೂ ಆಡಳಿತ ಮಂಡಳಿಯವರೂ ಇದನ್ನು ಆಲೋಚಿಸಬೇಕೆಂದು ಬೇಡುತ್ತೇವೆ. ಅಂಗಳದ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲಿಗೆ ಒಂದಿಷ್ಟು ಎಣ್ಣೆ ಬಿಟ್ಟು ಆರಂಭಿಸಿದರಾಯಿತು.