ಕೊರೊನಾ ಲೆಕ್ಕಕ್ಕೆ ಸಿಗದ ಶುಗರ್, ಬಿಪಿ

1/6
"ವಯಸ್ಸಾಗಿತ್ತು, ಹೋದ್ರು." 2020, 2021ರಲ್ಲಿ ನಮ್ಮ ಕಡೆ ಎಷ್ಟು ಮನೆಯಲ್ಲಿ ಈ ಮಾತು ಕೇಳಿದ್ದೀರಿ? ನಾನಂತೂ ಇದನ್ನ ಒಪ್ಪಲ್ಲ. ಮಾತ್ರೆ ಸಿಗದೆ, ಡಯಾಲಿಸಿಸ್‌ಗೆ ಹೋಗೋಕೆ ಗಾಡಿ ಸಿಗದೆ ಸೊರಗಿದವರನ್ನೂ ವಯಸ್ಸಿನ ಖಾತೆಗೆ ಬರೆದು ಕೈ ತೊಳ್ಕೊಂಡ್ರೆ ಹೇಗೆ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಗೆಳೆಯ ಗೆಳತಿಯರೇ, ಆರೂ ಭಾಗ ಓದಿ. ಆಮೇಲೆ ಬೇಕಾದ್ರೆ ಜಗಳ ಆಡಿ.

2/6
2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಸರ್ಕಾರಿ ಬಸ್ಸು ಮತ್ತೆ ರೋಡಿಗೆ ಇಳಿದಿದ್ದು ಮೇ 19ಕ್ಕೆ. ಹತ್ತಿರ ಹತ್ತಿರ ಎಂಟು ವಾರ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕಾದವರಿಗೆ ಅಂದ್ರೆ 16 ಸಲ ಹೋಗಿ ಬರೋ ದಾರಿ.
ಆಗ ನಮ್ಮ ಐದೂ ತಾಲ್ಲೂಕು ಬಳ್ಳಾರಿ ಜಿಲ್ಲೆ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ದೊಡ್ಡ ಡಾಕ್ಟರ್ ಬೇಕಂದ್ರೆ ಬಳ್ಳಾರಿ ವಿಮ್ಸ್, ಇಲ್ಲಾಂದ್ರೆ ದಾವಣಗೆರೆ, ಹುಬ್ಬಳ್ಳಿ. ಹರಪನಹಳ್ಳಿಯವರಿಗೆ ದಾವಣಗೆರೆನೇ ಹತ್ತಿರ. ಆದ್ರೆ ಅದು ಬೇರೆ ಜಿಲ್ಲೆ, ಪಾಸ್ ಬೇಕು. ಕಾರ್ ಇದ್ದೋರು ಹೆಂಗೋ ಹೋದ್ರು. ಕೂಲಿ ಮಾಡೋರು ಏನ್ ಮಾಡ್ಬೇಕಿತ್ತು?

3/6
"ಒಂದೆರಡು ತಿಂಗಳು ಮಾತ್ರೆ ಬಿಟ್ರೆ ಏನಾಗುತ್ತೆ?" ಅನ್ನೋರಿಗೆ: ಬಿಪಿ ಸದ್ದಿಲ್ಲದೆ ಏರುತ್ತೆ, ಒಂದಿನ ಲಕ್ವ ಹೊಡೆಯುತ್ತೆ. ಟೈಪ್ 1 ಶುಗರ್ ಇರೋ ಮಗುವಿಗೆ ಇನ್ಸುಲಿನ್ ತಪ್ಪಿದ್ರೆ ಕೆಲವೇ ದಿನದಲ್ಲಿ ಜೀವಕ್ಕೇ ಕುತ್ತು. ಟಿಬಿ ಮಾತ್ರೆ ಮಧ್ಯದಲ್ಲಿ ನಿಂತ್ರೆ ರೋಗ ಔಷಧಿಗೇ ಬಗ್ಗಲ್ಲ.
ದೇಶದಲ್ಲಿ 2019ರಲ್ಲಿ ದಾಖಲಾದ ಟಿಬಿ ರೋಗಿಗಳು ಸುಮಾರು 24 ಲಕ್ಷ, 2020ರಲ್ಲಿ ಸುಮಾರು 18 ಲಕ್ಷ. ರೋಗ ಕಡಿಮೆ ಆಯ್ತು ಅಂತ ಖುಷಿ ಪಡಬೇಡಿ. ಕಡಿಮೆ ಆಗಿದ್ದು ಹುಡುಕೋದು.
ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲಿ 155 ದೇಶಗಳನ್ನ ಕೇಳಿತ್ತು. 53% ದೇಶಗಳಲ್ಲಿ ಬಿಪಿ ಚಿಕಿತ್ಸೆ, 49% ದೇಶಗಳಲ್ಲಿ ಶುಗರ್ ಚಿಕಿತ್ಸೆ ಪೂರ್ತಿಯೋ ಅರ್ಧಂಬರ್ಧವೋ ನಿಂತಿತ್ತು.

4/6
"ಆಸ್ಪತ್ರೆ ಎಲ್ಲಾ ಕೊರೊನಾಗೇ ಸಾಲ್ತಿರಲಿಲ್ಲ, ಇನ್ನೇನು ಮಾಡೋಕಾಗ್ತಿತ್ತು?" ನ್ಯಾಯವಾದ ಪ್ರಶ್ನೆ. ಬೆಡ್ ಕಮ್ಮಿ ಇತ್ತು, ಡಾಕ್ಟರ್ ಕಮ್ಮಿ ಇದ್ರು, ನಿಜ. ಆದ್ರೆ ಬಿಪಿ ಮಾತ್ರೆಗೆ ಬೆಡ್ ಬೇಕಾ? ವೆಂಟಿಲೇಟರ್ ಬೇಕಾ?
ದಾರಿ ಗೊತ್ತಿರಲಿಲ್ಲ ಅಂತಾನೂ ಹೇಳೋ ಹಾಗಿಲ್ಲ. 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಬರೆದು ಕಳಿಸಿತ್ತು: ಶುಗರ್, ಬಿಪಿ ಇರೋರಿಗೆ ಆಶಾ ಅಥವಾ ಉಪಕೇಂದ್ರದ ಮೂಲಕ ಮೂರು ತಿಂಗಳವರೆಗಿನ ಔಷಧಿ ಕೊಡಿ ಅಂತ. ಕಾಗದ ಹೊರಟಿತ್ತು. ನಿಮ್ಮ ಅಜ್ಜಿ ಕೈಗೆ ಮಾತ್ರೆ ಬಂತಾ? ಇವತ್ತೇ ಕೇಳಿ.
ಇನ್ನೊಂದು ಮಾತು. ಈ ದೇಶದಲ್ಲಿ ಕೊರೊನಾಗೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಅವರಿಗೆ ಮೊದಲೇ ಬಿಪಿ, ಆಸ್ತಮಾ ಇತ್ತು. ಹಳೇ ಕಾಯಿಲೆಯನ್ನ ಹದ್ದುಬಸ್ತಿನಲ್ಲಿಡೋದೂ ಕೊರೊನಾ ವಿರುದ್ಧದ ಕೆಲಸವೇ ಆಗಿತ್ತು. ಎರಡನ್ನೂ ಬೇರೆ ಬೇರೆ ಮಾಡಿದ್ದೇ ತಪ್ಪು.

5/6
ಈಗ ಯಾರೋ ಕಾಮೆಂಟಲ್ಲಿ "ಆಶಾದೋರು ಏನ್ ಮಾಡ್ತಿದ್ರು?" ಅಂತಾರೆ. ಸ್ವಲ್ಪ ತಡೀರಿ. ಮನೆ ಮನೆ ಸರ್ವೆ, ಕ್ವಾರಂಟೈನ್ ಲೆಕ್ಕ, ಬಾಣಂತಿ, ಮಕ್ಕಳು, ಎಲ್ಲಾ ಅವರ ತಲೆ ಮೇಲೆ. ಜನ ಚಪ್ಪಾಳೆ ತಟ್ಟಿದ್ರು, ತಟ್ಟೆ ಬಡಿದ್ರು. ಅದೇ ಆಶಾ ಅಕ್ಕಂದಿರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ರಾಜ್ಯದ ತುಂಬ ಮುಷ್ಕರ ಮಾಡಬೇಕಾಯ್ತು. ಚಪ್ಪಾಳೆಯಿಂದ ಮನೆ ನಡೆಯಲ್ಲ. ಎಲ್ಲಾ ಭಾರ ಒಬ್ಬರ ಮೇಲೆ ಹೊರಿಸಿ, ಬಿದ್ದಾಗ ಅವರನ್ನೇ ಬೈಯೋದು ಬಿಡೋಣ.

6/6
"ಕೊರೊನಾ ಮುಗೀತಲ್ಲ, ಈಗ್ಯಾಕೆ?" ಮುಂದಿನದು ಬಂದ ಮೇಲೆ ಕೇಳೋಕೆ ಟೈಮ್ ಇರಲ್ಲ, ಅದಕ್ಕೆ. ವರ್ಷದ ಮಳೆ-ಬೆಳೆ ತಿಳಿಯೋಕೆ ಮೈಲಾರದಲ್ಲಿ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ಕಾರ್ಣಿಕ ಕೇಳ್ತೀವಿ. ನಮ್ಮೂರಲ್ಲಿ ಶುಗರ್ ಎಷ್ಟು ಜನಕ್ಕಿದೆ ಅಂತ ಗ್ರಾಮಸಭೆಯಲ್ಲಿ ಕೇಳೋಕೆ ನಾಲ್ಕು ಜನ ಬರಲ್ಲ.
ಈ ಸಲ ನಾವು ಹೋಗೋಣ. ಮೂರೇ ಪ್ರಶ್ನೆ:
👉 ಊರಲ್ಲಿ ದಿನಾ ಮಾತ್ರೆ ತಗೊಳ್ಳೋರ ಪಟ್ಟಿ ಇದೆಯಾ?
👉 ರಸ್ತೆ ಬಂದ್ ಆದ್ರೆ ಮೂರು ತಿಂಗಳ ಔಷಧಿ ಎಲ್ಲಿಂದ ಬರುತ್ತೆ?
👉 ಡಯಾಲಿಸಿಸ್‌ಗೆ ಹೋಗೋರಿಗೆ ಯಾವ ಗಾಡಿ?
ಅದಕ್ಕೂ ಮುಂಚೆ ಒಂದು ಕೆಲಸ. ಮನೆಯ ಹಿರಿಯರ ಡಾಕ್ಟರ್ ಚೀಟಿ, ಮಾತ್ರೆ ಹಾಳೆ ಎರಡರ ಫೋಟೋನೂ ನಿಮ್ಮ ಫೋನಲ್ಲಿ ಇಟ್ಕೊಳ್ಳಿ. ಸಾವಿರ ಸೆಲ್ಫಿ ಇರೋ ಜಾಗದಲ್ಲಿ ಇದೊಂದಕ್ಕೆ ಜಾಗ ಇರಲ್ವಾ?

#ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ಮೂರುಪ್ರಶ್ನೆ